ಮನೆವಾರ್ತೆ: ಇಕ್ಕಳವೋ, ಚೂರಿಯೋ?

ಕಳೆದ ತಿಂಗಳು ಮುಂಡರಗಿಯಿಂದ ನಮ್ಮ ಅಕ್ಕನೂ ಅವಳ ಮಗನೂ ಬೆಟಗೇರಿಯ ನಮ್ಮ ಮನೆಗೆ ಬಂದಿದ್ದರು. ಹುಡುಗನು ಹೊಲಗಳ ಪಂಪುಗಳನ್ನು ದುರಸ್ತಿ ಮಾಡುವ ಕಸಬಿನವನು. ಮೋಟಾರುಸೈಕಲ್ಲಿನ ಮೇಲೆ ಇಂದು ಶಿರಹಟ್ಟಿಯ ಕಡೆಗೆ, ನಾಳೆ ಲಕ್ಷ್ಮೇಶ್ವರದ ಕಡೆಗೆ ಅಲೆಯುವನು. ಊಟವಾದ ಬಳಿಕ ಅವನು ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ತೆಗೆದು ನನ್ನ ಮುಂದೆ ಹಿಡಿದನು.

"ಮಾಮಾ, ಇವೆರಡರೊಳಗ ಯಾವುದು ತಗೊಳ್ಳಲ್ರಿ? ಎರಡೂ ತಗೊಳ್ಳೂವಷ್ಟು ರೊಕ್ಕ ಇಲ್ಲ."

ಒಂದು, ಇಕ್ಕಳ, ಚಾಕು, ಗರಗಸ, ಸ್ಕ್ರೂಡ್ರೈವರು ಎಲ್ಲವೂ ಒಂದೇ ಹಿಡಿಕೆಯೊಳಗೆ ಮಡಿಚಿಕೊಂಡು ಕುಳಿತಿರುವ ಮಲ್ಟಿಟೂಲು. ಇನ್ನೊಂದು, ಒಂದೇ ಕೈಯಿಂದ ಸರಕ್ಕನೆ ತೆರೆಯಬಹುದಾದ ಕಪ್ಪು ಅಲಗಿನ ಮಡಿಚುವ ಚೂರಿ. ಇದನ್ನು ಅಂಗಡಿಕಾರರು ಟ್ಯಾಕ್ಟಿಕಲ್ ಚಾಕು ಎಂದು ಕರೆಯುವರು. ಸಿಪಾಯಿಗಳಿಗೆ ತಕ್ಕದ್ದು ಎಂಬುದು ಆ ಹೆಸರಿನ ಬೆಡಗು. ಹುಡುಗನ ಮನಸ್ಸು ಯಾವುದರ ಮೇಲೆ ಇದೆಯೆಂಬುದನ್ನು ಅವನ ಕಣ್ಣೇ ಹೇಳುತ್ತಿತ್ತು.

ಸಂಜೆಯ ಪಲ್ಯಕ್ಕೆ ಈಳಿಗೆಯ ಮುಂದೆ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದ ಅಕ್ಕನು ತಲೆ ಎತ್ತದೆಯೇ ಅಂದಳು: "ಚೂರಿ ಕಿಸೆದಾಗ ಇಟಗೊಂಡು ತಿರಗೋ ಮಗ ನನಗ ಬ್ಯಾಡ."

ಮಾತು ಅಲ್ಲಿಗೇ ನಿಂತಿತು. ಆದರೆ ಈ ಪ್ರಶ್ನೆಯು ನಮ್ಮ ಮನೆಯದೊಂದೇ ಅಲ್ಲವೆಂದು ನನಗೆ ತೋರಿದ್ದರಿಂದ ವಾಚಕರ ಮುಂದೆ ಇಡುತ್ತಿರುವೆನು.

ದಿನವೂ ಮೈಮೇಲೆ ಉಪಕರಣವನ್ನು ಇಟ್ಟುಕೊಳ್ಳುವ ರೂಢಿಯು ನಮಗೇನೂ ಹೊಸದಲ್ಲ. ನಮ್ಮ ಅಜ್ಜನ ಚಂಚಿಯನ್ನು ಬಿಚ್ಚಿದರೆ ಎಲೆ ಅಡಿಕೆಗಳ ಸಂಗಡ ಒಂದು ಅಡಕೊತ್ತು, ಸುಣ್ಣದ ಡಬ್ಬಿ ಹೊರಡುತ್ತಿದ್ದವು. ಉಡದಾರಕ್ಕೆ ಕಟ್ಟಿದ ಹಿತ್ತಾಳೆಯ ಬಳೆಯಲ್ಲಿ ಮುಳ್ಳು ಕೀಳುವ ಚಿಮಟ ತೂಗುತ್ತಿತ್ತು. ಎರೆಹೊಲದಲ್ಲಿ ಜಾಲಿಮುಳ್ಳು ತುಳಿದವನಿಗೆ ಆ ಚಿಮಟದ ಬೆಲೆ ಗೊತ್ತು. ಬೆಟಗೇರಿಯ ನೇಕಾರನ ಕೈಗೆ ಎಳೆ ಕತ್ತರಿಸುವ ಸಣ್ಣ ಕತ್ತರಿ, ಒಕ್ಕಲಿಗನ ಕೈಗೆ ಕುಡಗೋಲು. ಅವರವರ ಕೆಲಸವೇ ಅವರವರ ಉಪಕರಣವನ್ನು ಆರಿಸಿ ಕೊಡುತ್ತಿತ್ತು.

ಇನ್ನು ಸಿಪಾಯಿಯ ಚಾಕು ಎಂಬ ಮಾತು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬ ಚಾಕುಗಾರನು 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಚಾಕುಗಳನ್ನು ಒಪ್ಪಿಸಿದನು. ಅದರಲ್ಲಿ ಇದ್ದುದೇನು? ಒಂದು ಅಲಗು, ತೂತು ಕೊರೆಯುವ ಒಂದು ದಬ್ಬಳ, ಡಬ್ಬಿ ತೆರೆಯುವ ಒಂದು ಕೊಕ್ಕೆ, ಬಂದೂಕನ್ನು ಬಿಚ್ಚಿ ಜೋಡಿಸಲು ಒಂದು ಸ್ಕ್ರೂಡ್ರೈವರು. ನಿಜವಾದ ಸಿಪಾಯಿಯ ಕಿಸೆಯಲ್ಲಿ ಇದ್ದುದು ಅಡಿಗೆಮನೆಯ ಮತ್ತು ಬಡಿಗತನದ ಸಾಮಾನೇ ಹೊರತು ಶತ್ರುವನ್ನು ಇರಿಯುವ ಆಯುಧವಲ್ಲ! 1897ರಲ್ಲಿ ಅವನು ಅಧಿಕಾರಿಗಳಿಗೆಂದು ಇನ್ನೂ ಹಗುರಾದ ಚಾಕು ಮಾಡಿದನು. ಇಂದು ವಿಕ್ಟೋರಿನಾಕ್ಸ್ ಎಂಬ ಹೆಸರಿನಿಂದ ಮಾರಾಟವಾಗುವ ಕೆಂಪು ಚಾಕು ಅದರ ಸಂತತಿಯೇ.

ಇಕ್ಕಳವು ಇದರೊಳಗೆ ಸೇರಿದ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1975ರಲ್ಲಿ ಅಮೇರಿಕದ ಟಿಮ್ ಲೆದರ್‌ಮನ್ ಎಂಬ ತರುಣನು ಪತ್ನಿಯೊಡನೆ ಒಂದು ಹಳೆಯ ಫಿಯಾಟ್ ಮೋಟಾರಿನಲ್ಲಿ ಯುರೋಪಖಂಡವನ್ನು ಸುತ್ತುತ್ತಿದ್ದನು. ಮೋಟಾರು ಕೆಡುವದು, ವಸತಿಗೃಹದ ನಲ್ಲಿ ಸೋರುವದು, ಇದೇ ಪಾಡು. ಅವನ ಕಿಸೆಯಲ್ಲಿ ಚಾಕು ಇತ್ತು, ಬೇಕಾಗಿದ್ದುದು ಇಕ್ಕಳ. ಊರಿಗೆ ಮರಳಿ ತಾನೇ ಒಂದನ್ನು ಮಾಡತೊಡಗಿದನು. ಅದು ಪೇಟೆಗೆ ಬಂದುದು 1983ರಲ್ಲಿ, ಅಂದರೆ ಎಂಟು ವರ್ಷಗಳ ಮೇಲೆ. ನಮ್ಮ ಹುಡುಗನ ಪಾಡೂ ಆ ಫಿಯಾಟಿನವನ ಪಾಡಿನಂಥದೇ ಅಲ್ಲವೇ ಎಂದು ನನಗೆನಿಸಿತು.

ಆದರೂ ನಾನು ತೀರ್ಪು ಕೊಡಲಿಲ್ಲ. "ಎಂಟು ದಿವಸ ಒಂದು ವಹಿಯೊಳಗ ಬರಿ, ಯಾವ ಯಾವ ಹೊತ್ತಿನ್ಯಾಗ ಏನು ಬೇಕಾತು ಅಂತ" ಎಂದು ಹೇಳಿ ಕಳಿಸಿದೆನು. ಅವನು ಬರೆದು ತಂದ ವಹಿಯನ್ನು ಅಕ್ಕನೂ ನಾನೂ ಕೂಡಿ ಓದಿದೆವು. ಕೊಳವೆಯ ಕ್ಲಿಪ್ಪನ್ನು ಬಿಗಿದುದು, ಟಾಯರಿನಿಂದ ಮೊಳೆ ಕಿತ್ತುದು, ತುಕ್ಕು ಹಿಡಿದ ತಿರುಪನ್ನು ಸಡಲಿಸಿದುದು, ತಂತಿ ಬಗ್ಗಿಸಿದುದು. ನಡುನಡುವೆ ಹಗ್ಗ, ರಬ್ಬರು ಕೊಳವೆ, ಉಳ್ಳಾಗಡ್ಡಿಯ ಚೀಲದ ದಾರ ಕೊಯ್ದುದು. ಅರ್ಧಕ್ಕಿಂತ ಹೆಚ್ಚು ಸಲ ಬೇಕಾದುದು ಹಿಡಿಯುವ, ತಿರುವುವ ಸಾಧನ. ಕೊಯ್ಯುವದಕ್ಕೆ ಬೇಕಾದ ಅಲಗು ಬೆರಳುದ್ದದ್ದಾದರೆ ಸಾಕಾಗಿತ್ತು.

ಚೂರಿಯ ಪಕ್ಷವನ್ನೂ ಹೇಳಬೇಕಾದುದು ನ್ಯಾಯ. ಒಂದು ಕೈಯಲ್ಲಿ ಹಗ್ಗವನ್ನೋ ಕುರಿಮರಿಯನ್ನೋ ಹಿಡಿದವನಿಗೆ ಇನ್ನೊಂದೇ ಕೈಯಿಂದ ತೆರೆಯುವ ಅಲಗು ದೊಡ್ಡ ಅನುಕೂಲ. ಅದು ತೂಕದಲ್ಲಿ ನೂರು ಗ್ರಾಮಿನ ಆಚೀಚೆ. ದೊಡ್ಡ ಮಲ್ಟಿಟೂಲು ಕಾಲು ಕಿಲೋದ ಹತ್ತಿರ ಬಂದು ಕಿಸೆಯನ್ನು ಜಗ್ಗುವದು. ಚೂರಿಯನ್ನು ತೊಳೆದು ಒರಸುವದು ಸುಲಭ. ಮಲ್ಟಿಟೂಲಿನ ಸಂದುಗಳಲ್ಲಿ ಮಣ್ಣು ಸೇರಿದರೆ ಹಲ್ಲುಜ್ಜುವ ಹಳೆಯ ಬ್ರಶ್ಶು ಹಿಡಿದು ಕೂಡ್ರಬೇಕು. ಕುರಿಗಾರನು ನನ್ನನ್ನು ಕೇಳಿದರೆ ಗಟ್ಟಿಯಾದ ಸಾದಾ ಮಡಿಚುವ ಚಾಕುವನ್ನೇ ಕೊಳ್ಳೆಂದು ಹೇಳುವೆನು. ಕಪ್ಪು ಬಣ್ಣ, ಹಲ್ಲಿನಂಥ ಅಂಚು, ಉಗ್ರವಾದ ಹೆಸರು, ಇವುಗಳಿಗೆ ಮಾತ್ರ ಹೆಚ್ಚಿಗೆ ದುಡ್ಡು ಕೊಡಬಾರದು.

ಅಗ್ಗದ ಮಲ್ಟಿಟೂಲಿನ ಗೊಡವೆಯಂತೂ ಬೇಡವೇ ಬೇಡ. ನನ್ನ ಬಲಗೈಯ ತೋರುಬೆರಳು ಇಂದಿಗೂ ಪೂರ್ತಿಯಾಗಿ ಮಡಿಚುವದಿಲ್ಲ. ಹಲವು ವರ್ಷಗಳ ಹಿಂದೆ ಸಂತೆಯಲ್ಲಿ ಕೊಂಡ ಒಂದರಿಂದ ಗಟ್ಟಿ ಕೊಳವೆಯನ್ನು ಕೊಯ್ಯುತ್ತಿದ್ದಾಗ ಅದರ ಅಲಗು ಹಿಂದಕ್ಕೆ ಮಡಿಚಿ ಬೆರಳಿನ ಮೇಲೆ ಬಿದ್ದಿತು. ಕಾರಣವು ಆಮೇಲೆ ತಿಳಿಯಿತು. ಕೆಲವು ಚಾಕುಗಳಲ್ಲಿ ಅಲಗನ್ನು ತೆರೆದಿಡುವದು ಬೆನ್ನಿನ ಸ್ಪ್ರಿಂಗಿನ ಒತ್ತಡ ಮಾತ್ರ. ಜೋರು ಬಿದ್ದರೆ ಅದು ಸೋಲುವದು. ಬೇರೆ ಕೆಲವುಗಳಲ್ಲಿ ಅಲಗು ತೆರೆದೊಡನೆ ಹಿಡಿಕೆಯೊಳಗಿನ ಲೋಹದ ಪಟ್ಟಿಯೊಂದು ಅದರ ಬುಡಕ್ಕೆ ಅಡ್ಡ ಬಂದು ನಿಲ್ಲುವದು. ಆ ಪಟ್ಟಿಯನ್ನು ಕೈಯಿಂದ ಸರಿಸಿದ ಹೊರತು ಅಲಗು ಮಡಿಚಲಾರದು. ಕೊಳ್ಳುವಾಗ ಈ ಕೀಲಿ ಇದೆಯೇ ಎಂದು ನೋಡಬೇಕು. ಅಲಗನ್ನು ತೆರೆದು ಅತ್ತಿತ್ತ ಅಲ್ಲಾಡಿಸಿ, ಸಡಿಲು ಕಂಡರೆ ಕೆಳಗಿಡಬೇಕು. ಇಕ್ಕಳದ ಬಾಯಿಯನ್ನು ಮುಚ್ಚಿ ಬೆಳಕಿಗೆ ಹಿಡಿದರೆ ತುದಿಯಲ್ಲಿ ಸಂದು ಕಾಣಬಾರದು.

ಪಂಪಿನ ಕೆಲಸದವರ ಮನೆಯವರು ಇನ್ನೊಂದನ್ನು ಲಕ್ಷ್ಯದಲ್ಲಿಡಬೇಕು. ಮಲ್ಟಿಟೂಲಿನ ಹಿಡಿಕೆಯು ಬರಿಯ ಉಕ್ಕು. ಮೂರು ಫೇಜಿನ ಪಂಪಿಗೆ ಬರುವ ವಿದ್ಯುತ್ತು ನಾನೂರು ವೋಲ್ಟಿಗೂ ಮಿಕ್ಕಿದ್ದು. ವಿದ್ಯುತ್ತು ಇರಬಹುದಾದ ತಂತಿಗೆ ಇದನ್ನು ಮುಟ್ಟಿಸಿದರೆ ಕೈಯಿಂದಲೇ ಮುಟ್ಟಿದಂತೆ. ಆ ಕೆಲಸಕ್ಕೆ ಹಿಡಿಕೆಗೆ ಪೊರೆ ಹೊದಿಸಿದ ಬೇರೆ ಇಕ್ಕಳವೂ ಟೆಸ್ಟರೂ ಪೆಟ್ಟಿಗೆಯಲ್ಲಿ ಇರಲೇಬೇಕು. ಇದನ್ನು ನಾನು ಹುಡುಗನಿಂದ ಎರಡು ಸಲ ಹೇಳಿಸಿದೆನು. ಅವನು ನಕ್ಕನು, ನಾನು ನಗಲಿಲ್ಲ.

ಕಾಯಿದೆಯ ಮಾತು ಇಷ್ಟೇ. 1959ರ ಆಯುಧ ಕಾಯಿದೆಯ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಇಲ್ಲವೆ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳಲ್ಲಿ ಎಣಿಸುತ್ತವೆ. ಮನೆಗೆಲಸ, ಒಕ್ಕಲುತನ, ಕೈಗಾರಿಕೆಗಳಿಗೆಂದು ಮಾಡಿದವುಗಳನ್ನು ಬಿಟ್ಟಿವೆ. ಕಿಸೆಯ ಚಾಕು ಈ ಅಳತೆಗೆ ಬಹಳ ಕೆಳಗಿನದು. ಆದರೆ ಗಲಭೆ, ಚುನಾವಣೆಗಳ ಕಾಲಕ್ಕೆ ನಿಷೇಧಾಜ್ಞೆ ಹೊರಡುವದುಂಟು. ವಿಮಾನದ ಕೈಚೀಲದಲ್ಲಂತೂ ಎರಡೂ ಸಲ್ಲವು. ಸಂಶಯದಿಂದ ನಿಲ್ಲಿಸಿದ ಪೋಲೀಸನಿಗೆ ಇಕ್ಕಳವು ತನ್ನ ಕಸಬನ್ನು ತಾನೇ ಹೇಳುವದು. ಕಪ್ಪು ಚೂರಿಯ ಪರವಾಗಿ ನಾವೇ ಹೇಳಬೇಕಾಗುವದು.

ಇಷ್ಟೆಲ್ಲ ಕೇಳಿದ ಮೇಲೂ ಹುಡುಗನು ಸುಮ್ಮನೆ ಕುಳಿತಿದ್ದನು. ಅಕ್ಕನು ಒಳಗೆ ಹೋದ ಬಳಿಕ ಮೆಲ್ಲಗೆ ಹೇಳಿದನು: ಹಿಂದೊಮ್ಮೆ ರಾತ್ರಿ ಕಪ್ಪತಗುಡ್ಡದ ಮಗ್ಗುಲ ದಾರಿಯಲ್ಲಿ ಇಬ್ಬರು ಅಡ್ಡಗಟ್ಟಿ ದುಡ್ಡು ಕಸಿದುಕೊಂಡಿದ್ದರಂತೆ. ಅವ್ವನಿಗೆ ಹೇಳಿರಲಿಲ್ಲ. "ಅವತ್ತು ಅದು ಕೈಯಾಗ ಇದ್ದಿದ್ರ, ಮಾಮಾ..."

"ಅವರು ಇಬ್ಬರಿದ್ದರು, ತಮ್ಮಾ. ಇದ್ದಿದ್ದರ ಅದು ಯಾರ ಕೈಯಾಗ ಹೋಗತಿತ್ತು?" ಎಂದೆನು. ಅವನು ಉತ್ತರ ಕೊಡಲಿಲ್ಲ. ರಾತ್ರಿ ಹೊತ್ತಾದರೆ ಶಿರಹಟ್ಟಿಯಲ್ಲಿಯ ನಮ್ಮ ಬೀಗರ ಮನೆಯಲ್ಲಿಯೇ ಉಳಿಯುವದೆಂದೂ, ಹೊರಡುವ ಮೊದಲು ಮನೆಗೆ ಫೋನು ಮಾಡುವದೆಂದೂ ಗೊತ್ತುಮಾಡಿದೆವು. ಅವ್ವನಿಗೂ ಅವನೇ ಆ ರಾತ್ರಿಯೇ ಹೇಳಿದನು. ಅವಳು ಬಹಳ ಹೊತ್ತು ಅವನ ಕೈ ಹಿಡಿದುಕೊಂಡೇ ಕುಳಿತಿದ್ದಳು.

ಮಲ್ಟಿಟೂಲು ಬಂದು ಈಗ ಹದಿನೈದು ದಿನವಾಯಿತು. ಮೊನ್ನೆ ಹುಡುಗನು ಫೋನು ಮಾಡಿದ್ದನು. ಕುಕ್ಕರಿನ ಹಿಡಿಕೆಯ ತಿರುಪನ್ನು ಬಿಗಿಯಲೆಂದು ಅಕ್ಕನು ಅದನ್ನು ಅವನ ಕಿಸೆಯಿಂದ ತೆಗೆದುಕೊಂಡವಳು ಅಡಿಗೆಮನೆಯ ಗೂಡಿನಲ್ಲಿಯೇ ಇಟ್ಟುಬಿಟ್ಟಿದ್ದಾಳಂತೆ. ಕೇಳಿದರೆ, "ನಾಳೆ ಕೊಡತೇನಿ" ಅನ್ನುತ್ತಾಳಂತೆ.