ಗುರುವಿನ ಮನೆಯ ಬಾಗಿಲು



ಆಗಸ್ಟ್ 30 ಬಂತೆಂದರೆ ನಮ್ಮ ಮಠಗಳಲ್ಲಿ, ಬಸವಪರ ಸಂಘಟನೆಗಳಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಹುತಾತ್ಮ, ಸತ್ಯಶೋಧಕ, ಲಿಂಗಾಯತ ಸ್ವತಂತ್ರ ಧರ್ಮದ ಪ್ರತಿಪಾದಕ ಎಂಬ ಮಾತುಗಳು ವೇದಿಕೆಯಿಂದ ವೇದಿಕೆಗೆ ಸಾಗುತ್ತವೆ. ಒಂದೂ ಸುಳ್ಳಲ್ಲ. ಆದರೆ ದೊಡ್ಡ ಮಾತುಗಳನ್ನೇ ಆಡುತ್ತ ಆಡುತ್ತ ನಾವು ಅವರನ್ನು ಒಂದು ಘೋಷಣೆಯನ್ನಾಗಿ ಮಾಡಿಬಿಟ್ಟಿದ್ದೇವೆ. ಅವರು ಮೊದಲಿಗೆ ಒಬ್ಬ ಮಾಸ್ತರರು. ಒಬ್ಬ ಗಂಡ, ಮಕ್ಕಳ ತಂದೆ. ಈ ಸಲ ಆ ಮಾಸ್ತರರನ್ನೂ ಅವರ ಮನೆಯನ್ನೂ ನೆನೆಯಬೇಕೆಂಬುದು ನಮ್ಮ ಆಸೆ.

1938ರಲ್ಲಿ ಸಿಂದಗಿ ಸೀಮೆಯ ರೈತ ಮನೆತನದಲ್ಲಿ ಹುಟ್ಟಿದ ಹುಡುಗ ಧಾರವಾಡಕ್ಕೆ ಬಂದು ಎಂ.ಎ. ಮುಗಿಸಿ, 1962ರಲ್ಲಿ ಕರ್ನಾಟಕ ಕಾಲೇಜಿನಲ್ಲಿ ಅಧ್ಯಾಪಕನಾದ. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನಪೀಠ, ಆ ಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಸ್ಥಾನ. ಪದವಿಗಳ ಪಟ್ಟಿ ಇಷ್ಟು ಸಾಕು. ಅವರು ಕಲಿಸಿದ್ದು ಮುಖ್ಯವಾಗಿ ಒಂದು ಅಭ್ಯಾಸವನ್ನು: ಆಧಾರ ಕೇಳುವುದು. ಈ ಮಾತು ಯಾವ ಶಾಸನದಲ್ಲಿದೆ? ಯಾವ ತಾಳೆಗರಿಯಲ್ಲಿದೆ? ಆ ಗರಿ ಎಷ್ಟು ಹಳೆಯದು, ಅದನ್ನು ಬರೆದವನು ಯಾರ ಪಕ್ಷದವನು? ಭಕ್ತಿಯಿಂದ ಹೇಳಿದ ಮಾತಿಗೂ ಅವರಲ್ಲಿ ಇದೇ ಪರೀಕ್ಷೆ. ನಮ್ಮವರಿಗೆ ಇದು ಕಹಿಯಾದದ್ದೂ ಉಂಟು. ಆದರೆ ವಚನವನ್ನು ಪವಿತ್ರವೆಂದು ಬಟ್ಟೆಯಲ್ಲಿ ಸುತ್ತಿಟ್ಟವರಿಗಿಂತ, ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಮೂಲಪಾಠ ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಬೇರ್ಪಡಿಸಿದವರೇ ಶರಣರಿಗೆ ಹೆಚ್ಚಿನ ಸೇವೆ ಮಾಡಿದರು. ಹಳಕಟ್ಟಿಯವರು ಹಚ್ಚಿದ ದೀಪಕ್ಕೆ ಎಣ್ಣೆ ಹಾಕಿದ ಪರಿ ಇದು.

ಅವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ಸಮಗ್ರ ವಚನ ಸಂಪುಟಗಳು 15. ಬಸವಣ್ಣನವರ ಸಂಪುಟವನ್ನು ಅವರೇ ಸಂಪಾದಿಸಿದರು. ಐದನೆಯದು ಪೂರ್ತಿಯಾಗಿ ಶಿವಶರಣೆಯರಿಗೆ ಮೀಸಲು. ಇಂದು ಹಳ್ಳಿಯ ಅಕ್ಕನ ಬಳಗದ ತಾಯಿಯೊಬ್ಬಳು ಲಕ್ಕಮ್ಮನ ವಚನವನ್ನು ಶುದ್ಧ ಪಾಠದಲ್ಲಿ ಓದುತ್ತಿದ್ದರೆ ಅದರ ಹಿಂದೆ ಈ ಮಾಸ್ತರರೂ ಅವರ ಶಿಷ್ಯವರ್ಗವೂ ವರ್ಷಗಟ್ಟಲೆ ಕಣ್ಣು ಸವೆಸಿದ ದುಡಿಮೆ ಇದೆ. ಕಾಯಕವೆಂದರೆ ಬೇರೇನೂ ಅಲ್ಲ.

ಧಾರವಾಡದ ರೂಢಿ ಎಲ್ಲರಿಗೂ ಗೊತ್ತು. ಗುರುಗಳ ಮನೆಗೆ ಹೋಗಲು ಹೇಳಿ ಕಳಿಸಬೇಕಾಗಿಲ್ಲ. ಚಪ್ಪಲಿ ಬಿಟ್ಟು, 'ಸರ್ ಅದಾರೇನ್ರೀ' ಎಂದರಾಯಿತು. 2015ರ ಆಗಸ್ಟ್ 30, ರವಿವಾರ ಬೆಳಿಗ್ಗೆ ಕಲ್ಯಾಣನಗರದ ಆ ಮನೆಗೆ ಬಂದವರೂ ಶಿಷ್ಯರಂತೆಯೇ ಬಂದರು. ಅದಕ್ಕೆ ಸ್ವಲ್ಪ ದಿನ ಮೊದಲು ಪೊಲೀಸ್ ಕಾವಲನ್ನು ಅವರ ಕೋರಿಕೆಯ ಮೇರೆಗೇ ತೆಗೆಯಲಾಗಿತ್ತು. ಗುಂಡು ಹಾರಿದ್ದು ಒಬ್ಬ ಚಿಂತಕನ ಹಣೆಗೆ ಎಂದು ನಾವು ಹೇಳುತ್ತೇವೆ. ಬಾಗಿಲು ತೆರೆದವರು ಅವರ ಪತ್ನಿ ಉಮಾದೇವಿ ತಾಯಿಯವರು ಎಂಬುದನ್ನು ಅಷ್ಟು ಹೇಳುವುದಿಲ್ಲ. ಗುರು-ಶಿಷ್ಯರ ನಡುವಿನ ನಂಬಿಕೆಯನ್ನೇ ಕೊಲೆಗೆ ದಾರಿ ಮಾಡಿಕೊಂಡರಲ್ಲ, ನಮಗೆ ಎಲ್ಲಕ್ಕಿಂತ ಹೇಯವಾಗಿ ಕಾಣುವುದು ಅದು.

ಇನ್ನೊಂದು ಮಾತು. ಹೇಳಲು ಕಷ್ಟ, ಆದರೂ ಲಿಂಗಾಯತರ ಪತ್ರಿಕೆಯೇ ಹೇಳದಿದ್ದರೆ ಇನ್ನಾರು ಹೇಳಬೇಕು? ಆ ಮನೆಗೆ ಮೊದಲ ಪೆಟ್ಟು ಬಿದ್ದದ್ದು 2015ರಲ್ಲಿ ಅಲ್ಲ. 'ಮಾರ್ಗ'ದ ಮೊದಲ ಸಂಪುಟದಲ್ಲಿ ಬಸವಣ್ಣ, ಚೆನ್ನಬಸವಣ್ಣನವರ ಕುಟುಂಬದ ಕುರಿತು ಬರೆದ ವಿಷಯಗಳಿಗಾಗಿ 1989ರಲ್ಲಿ ನಮ್ಮ ಸಮಾಜವೇ ಅವರನ್ನು ಕಟಕಟೆಯಲ್ಲಿ ನಿಲ್ಲಿಸಿತು. ಒತ್ತಡಕ್ಕೆ ಮಣಿದು ಅವರು ಬರೆದದ್ದನ್ನು ಹಿಂತೆಗೆದುಕೊಂಡರು. ಹೆಂಡತಿ ಮಕ್ಕಳ ಜೀವ ಉಳಿಸಲು ಹಾಗೆ ಮಾಡಿದೆ, ಅಂದೇ ನನ್ನ ಬೌದ್ಧಿಕ ಆತ್ಮಹತ್ಯೆಯೂ ಆಯಿತು ಎಂಬರ್ಥದ ಮಾತನ್ನು ಅವರು ಬಹಿರಂಗವಾಗಿಯೇ ಆಡಿದರು. ಅಳುಕಿದರು ಎಂದು ಆಗ ನಕ್ಕವರಿದ್ದರು. ಅಳುಕಲ್ಲ ಅದು. ಮನೆಯವರನ್ನು ಬೀದಿಗೆ ತಂದು ಧೀರನೆನಿಸಿಕೊಳ್ಳುವ ಹಂಬಲ ಅವರಿಗಿರಲಿಲ್ಲ. ಶರಣಮಾರ್ಗ ಸಂಸಾರಿಗಳ ಮಾರ್ಗ. ಮಡದಿ ಮಕ್ಕಳ ಹಿತ ನೋಡುವುದು ಅದರ ಹೊರಗಿನ ವಿಷಯವಲ್ಲ. ನಾಚಬೇಕಾದವರು, ಒಬ್ಬ ವಿದ್ವಾಂಸನ ಬರವಣಿಗೆಗೆ ಉತ್ತರ ಬರೆಯಲಾರದೆ ಅವನ ಕುಟುಂಬದ ಭಯವನ್ನು ಹಿಡಿದು ಜಗ್ಗಿದವರು. ಆಮೇಲೂ ಅವರು ಲೇಖನಿ ಕೆಳಗಿಡಲಿಲ್ಲ. 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದೇ 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ.

ಅವರು ಲಿಂಗೈಕ್ಯರಾದ ಮೇಲೆ ದೇಶದ ತುಂಬ ಲೇಖಕರು ಪ್ರಶಸ್ತಿ ಹಿಂದಿರುಗಿಸಿದರು, ಮೆರವಣಿಗೆಗಳಾದವು. ತನಿಖೆ ಮಾತ್ರ ತೆವಳುತ್ತಲೇ ಇತ್ತು. ಕೊನೆಗೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಉಮಾದೇವಿ ತಾಯಿಯವರೇ. 2019ರಲ್ಲಿ ನ್ಯಾಯಾಲಯ ಪ್ರಕರಣವನ್ನು ವಿಶೇಷ ತನಿಖಾ ದಳಕ್ಕೆ ಒಪ್ಪಿಸಿತು, ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು. ನಮ್ಮಲ್ಲಿ ಇಷ್ಟು ಮಠಗಳು, ಇಷ್ಟು ವಿದ್ಯಾಸಂಸ್ಥೆಗಳು, ಇಷ್ಟು ಜನ ವಕೀಲರು. ಆದರೂ ಆ ಅರ್ಜಿಗೆ ಸಹಿ ಹಾಕಿದ್ದು ಗಂಡನನ್ನು ಕಳೆದುಕೊಂಡ ಹಿರಿಯ ತಾಯಿಯ ಕೈ.

ಆದ್ದರಿಂದ ಪೂಜ್ಯರಲ್ಲಿ, ಸಂಘಟಕರಲ್ಲಿ ನಮ್ಮ ವಿನಂತಿ ಎರಡು. ಮೊದಲನೆಯದು, ನಾಳೆ ನಮ್ಮ ನಡುವಿನ ಯುವ ಸಂಶೋಧಕನೋ ಸಂಶೋಧಕಿಯೋ ನಮಗೆ ಹಿಡಿಸದ ಮಾತೊಂದನ್ನು ಆಧಾರಸಹಿತ ಬರೆದರೆ ಮಠದ ಕಟ್ಟೆಗೆ ಕರೆಸಿ ಕ್ಷಮೆ ಬರೆಸಿಕೊಳ್ಳಬೇಡಿ, ಮನೆಗೆ ಜನ ಕಳಿಸಬೇಡಿ. ತಪ್ಪಿದ್ದರೆ ಪ್ರತಿಲೇಖನ ಬರೆಯಿಸಿ. ಈ ಪತ್ರಿಕೆ ಎರಡನ್ನೂ ಅಚ್ಚು ಹಾಕುತ್ತದೆ. ಎರಡನೆಯದು, ಈ ಆಗಸ್ಟ್ 30ಕ್ಕೆ ಭಾಷಣಗಳನ್ನು ಒಂದೆರಡಕ್ಕೆ ಇಳಿಸಿ. ಅನೇಕ ಮಠಗಳ ಗಾಜಿನ ಕಪಾಟುಗಳಲ್ಲಿ ವಚನ ಸಂಪುಟಗಳು ಹೊಸದರ ವಾಸನೆ ಆರದೆ ನಿಂತಿವೆ. ಅವನ್ನು ಕೆಳಗಿಳಿಸಿ, ಪ್ರಸಾದನಿಲಯದ ವಿದ್ಯಾರ್ಥಿಗಳ ಮುಂದಿಟ್ಟು ಒಂದು ತಾಸು ಓದಿಸಿ, ಪ್ರಶ್ನೆ ಕೇಳಲು ಬಿಡಿ. ಹೊಸದಾಗಿ ಓದುವವರಿಗೆ ಶಬ್ದಗಳು ತೊಡಕಾದರೆ 15ನೆಯ ಸಂಪುಟ ಪಾರಿಭಾಷಿಕ ಪದಕೋಶವೇ ಆಗಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಆರಂಭಿಸಬಹುದು.