ಡಿಗ್ರಿ ಜೊತೆ ಒಂದು ಬಟ್ಟಲು ಅಡುಗೆಯೂ ಬರಲಿ

ಐಗಳಿಯಿಂದಾಗಲಿ, ಅಥಣಿ, ರಾಯಬಾಗ, ಕಾಗವಾಡ ಕಡೆಯ ಯಾವುದೇ ಹಳ್ಳಿಯಿಂದಾಗಲಿ ಓದಲು ಹೊರಟ ಹುಡುಗನ ಬ್ಯಾಗು ಬಿಚ್ಚಿ ನೋಡಿ. ಮಾರ್ಕ್ಸ್ ಕಾರ್ಡಿನ ಫೈಲು, ಮೊಬೈಲ್ ಚಾರ್ಜರ್, ಹೊಸ ಚಾದರ, ಇವುಗಳ ನಡುವೆ ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದೇ ಇರುತ್ತವೆ. ಅವ್ವ ಎಂಟು ದಿನಕ್ಕಾಗುವಷ್ಟು ಕಟ್ಟಿಕೊಟ್ಟಿರುತ್ತಾಳೆ. ಒಂಬತ್ತನೇ ದಿನ ಏನು ಮಾಡಬೇಕು ಎಂಬುದನ್ನು ಮಾತ್ರ ಆ ಹುಡುಗನಿಗೆ ಯಾರೂ ಕಲಿಸಿರುವುದಿಲ್ಲ.

ಒಂಬತ್ತನೇ ದಿನ ಶುರುವಾಗುವುದು ಮೆಸ್ಸು, ಖಾನಾವಳಿ, ಎಗ್ ರೈಸ್ ಗಾಡಿ, ಎರಡು ನಿಮಿಷದ ನೂಡಲ್ಸ್. ತಿಂಗಳ ಮೊದಲ ವಾರ ಆ್ಯಪ್‌ನಲ್ಲಿ ಬಿರಿಯಾನಿ, ಕೊನೆಯ ವಾರ ಬಿಸ್ಕಿಟು. ನಮ್ಮ ಖಾನಾವಳಿಗಳ ಬಗ್ಗೆ ನನಗೆ ತಕರಾರಿಲ್ಲ. ಬಿಸಿ ರೊಟ್ಟಿ, ಝುಣಕ, ಎಣ್ಣೆಗಾಯಿ ಹಾಕಿ ಎಷ್ಟೋ ಬಡ ವಿದ್ಯಾರ್ಥಿಗಳನ್ನು ಅವು ಸಾಕಿವೆ. ಆದರೆ ಧಾರವಾಡದ ಸಪ್ತಾಪುರದಂಥ ಕಡೆ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ರಾತ್ರಿ ಹನ್ನೊಂದರವರೆಗೆ ಓದುವವನ ಹಸಿವು ಖಾನಾವಳಿಯ ಟೈಮಿಗೆ ಸರಿಯಾಗಿ ಬರುವುದಿಲ್ಲ. ಸೇತುವೆಯ ಡಿಸೈನ್ ಲೆಕ್ಕ ಬಿಡಿಸುವ ನಾವು ಒಂದು ಲೋಟ ಅಕ್ಕಿಗೆ ಎಷ್ಟು ನೀರು ಎಂದು ಮನೆಗೆ ಫೋನ್ ಮಾಡಿ ಕೇಳುತ್ತೇವೆ. ಮೊದಲ ಸೆಮಿಸ್ಟರಿಗೆ ಹೊರಡುವ ಮುಂಚೆ ಪ್ರತಿಯೊಬ್ಬರಿಗೂ, ಅದರಲ್ಲೂ ಹುಡುಗರಿಗೆ, ಒಂದೇ ಒಂದು ಪೂರ್ಣ ಊಟವನ್ನಾದರೂ ಮಾಡಲು ಬರಬೇಕು ಎಂಬುದು ನನ್ನ ವಾದ. ಆ ಒಂದು ಊಟಕ್ಕೆ ನಾನು ಸೂಚಿಸುವುದು ಜಪಾನಿನ ಒಂದು ಪದ್ಧತಿಯನ್ನು.

ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡುವವರಿಗೆ ಗ್ಯೂಡಾನ್ ಹೆಸರು ಹೊಸದಲ್ಲ. ಅಗಲವಾದ ಬಟ್ಟಲಿಗೆ ಜಪಾನಿನಲ್ಲಿ ಡೊನ್‌ಬುರಿ ಎನ್ನುತ್ತಾರೆ. ಗ್ಯೂ ಎಂದರೆ ದನ. ಬಟ್ಟಲಿನ ತುಂಬ ಬಿಸಿ ಅನ್ನ, ಅದರ ಮೇಲೆ ಸೋಯಾ ಸಾಸ್, ಸಕ್ಕರೆ ಹಾಕಿದ ಸಿಹಿ–ಉಪ್ಪು ರಸದಲ್ಲಿ ಉಳ್ಳಾಗಡ್ಡಿಯ ಜೊತೆ ಬೇಯಿಸಿದ ತೆಳುವಾದ ದನದ ಮಾಂಸದ ಹೋಳುಗಳು. ಪಲ್ಯ ಬೇರೆ, ಸಾರು ಬೇರೆ, ತಟ್ಟೆ ಬೇರೆ ಎಂಬ ಗೊಡವೆ ಇಲ್ಲ.

ಇದು ಶ್ರೀಮಂತರ ಊಟವಲ್ಲ. ಇದನ್ನು ಮಾರಿ ಹೆಸರಾದ ಯೊಶಿನೋಯಾ ಎಂಬ ಅಂಗಡಿ 1899ರಲ್ಲಿ ಶುರುವಾದದ್ದು ಟೋಕಿಯೊದ ನಿಹೊನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ. ನಸುಕಿನಲ್ಲಿ ಎದ್ದು ದುಡಿಯುವ ಮಾರುಕಟ್ಟೆಯ ಜನಕ್ಕೆ ಕುಳಿತು ಉಣ್ಣಲು ಪುರುಸೊತ್ತಿರಲಿಲ್ಲ. ಬೇಗ, ರುಚಿ, ಅಗ್ಗ ಎಂಬ ಮೂರು ಮಾತೇ ಆ ಅಂಗಡಿಯ ಘೋಷವಾಕ್ಯವಾಯಿತು. ಇಂದಿಗೂ ಅಲ್ಲಿನ ವಿದ್ಯಾರ್ಥಿಗಳು, ಆಫೀಸು ಬಿಟ್ಟು ತಡವಾಗಿ ಹೊರಡುವ ನೌಕರರು ಹೊಟ್ಟೆ ತುಂಬಿಸಿಕೊಳ್ಳುವುದು ಇಂಥ ಅಂಗಡಿಗಳಲ್ಲಿ.

ಅದೇ ಜಪಾನಿನಲ್ಲಿ ಒಂದು ಕಾಲಕ್ಕೆ ದನದ ಮಾಂಸಕ್ಕೆ ತಡೆ ಇತ್ತು. ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸ ತಿನ್ನುವುದನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದ್ದ. ಬೌದ್ಧ ಧರ್ಮದ ಪ್ರಭಾವವೂ ಸೇರಿ ಶತಮಾನಗಳ ಕಾಲ ಅಲ್ಲಿನ ಬಹುಪಾಲು ಜನ ದನದ ಮಾಂಸದಿಂದ ದೂರ ಇದ್ದರು. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಹೊರಬಿದ್ದ ಮೇಲೆ ಅದು ಹೊಸ ಕಾಲದ ಊಟ ಎನಿಸಿಕೊಂಡಿತು. ಊಟದ ನಿಯಮಗಳು ಕಾಲಕ್ಕೆ ತಕ್ಕಂತೆ, ದೇಶಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದಕ್ಕೆ ಇದೊಂದು ಉದಾಹರಣೆ.

ನಮ್ಮಲ್ಲಿ ಸದ್ಯದ ನಿಯಮ ಸ್ಪಷ್ಟವಾಗಿದೆ. 2021ರಿಂದ ಜಾರಿಯಲ್ಲಿರುವ ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಆಕಳು, ಕರು, ಹೋರಿ, ಎತ್ತು ಹಾಗೂ 13 ವರ್ಷದೊಳಗಿನ ಎಮ್ಮೆ, ಕೋಣಗಳ ವಧೆ ಅಪರಾಧ. ಗಡಿಯಾಚೆ ಮಹಾರಾಷ್ಟ್ರದಲ್ಲೂ 2015ರಿಂದ ಎತ್ತು, ಹೋರಿಗಳ ವಧೆಗೆ ನಿಷೇಧವಿದೆ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುವ ಮನೆಗಳು ನಮ್ಮ ಕಡೆ ಇವೆ. ದನದ ಮಾಂಸವನ್ನು ತಲೆತಲಾಂತರದಿಂದ ಉಂಡು ಬಂದ ಮನೆಗಳೂ ಈ ನಾಡಿನಲ್ಲಿವೆ. ಯಾರ ತಟ್ಟೆಯಲ್ಲಿ ಏನಿದೆ ಎಂದು ಇಣುಕುವುದು ನನ್ನ ಕೆಲಸವಲ್ಲ. ದನದ ಮಾಂಸವಿಲ್ಲದೆ ಈ ಬಟ್ಟಲು ಆಗುತ್ತದೆಯೇ ಎಂಬ ಪ್ರಶ್ನೆಗೆ ಜಪಾನೇ ಉತ್ತರ ಕೊಟ್ಟಿದೆ ಎಂಬುದಷ್ಟೇ ನನಗೆ ಮುಖ್ಯ.

2003ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ‘ಹುಚ್ಚು ಹಸು ರೋಗ’ ಕಾಣಿಸಿಕೊಂಡಿತು. ಜಪಾನು ಅಲ್ಲಿಂದ ದನದ ಮಾಂಸ ತರಿಸುವುದನ್ನು ನಿಲ್ಲಿಸಿತು. ಆ ಮಾಂಸವನ್ನೇ ನಂಬಿದ್ದ ಯೊಶಿನೋಯಾ 2004ರ ಫೆಬ್ರುವರಿಯಲ್ಲಿ ಗ್ಯೂಡಾನ್ ಮಾರಾಟ ನಿಲ್ಲಿಸಬೇಕಾಯಿತು. ಆದರೆ ಅಂಗಡಿ ಮುಚ್ಚಲಿಲ್ಲ. ಅದೇ ಅನ್ನದ ಮೇಲೆ ಹಂದಿ ಮಾಂಸ ಬಂತು. ಬಟ್ಟಲು ಉಳಿಯಿತು, ಮೇಲಿನದು ಬದಲಾಯಿತು. ಕೋಳಿ ಮತ್ತು ಮೊಟ್ಟೆ ಹಾಕಿ ಮಾಡುವ ಬಟ್ಟಲಂತೂ ಅಲ್ಲಿ ಮೊದಲಿನಿಂದಲೂ ಇದೆ. ಅದರ ಹೆಸರು ಓಯಾಕೊಡಾನ್, ಅಂದರೆ ‘ತಾಯಿ–ಮಗು ಬಟ್ಟಲು’. ನಮ್ಮ ರೂಮಿಗೆ ಒಗ್ಗುವುದು ಇದೇ.

ಇಬ್ಬರಿಗೆ ಸಾಕಾಗುವ ಲೆಕ್ಕ ಹೀಗಿದೆ. ಅಕ್ಕಿ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ. ಎಲುಬಿಲ್ಲದ ಚಿಕನ್ 250 ಗ್ರಾಂ, ಉಳ್ಳಾಗಡ್ಡಿ ಎರಡು, ಮೊಟ್ಟೆ ಎರಡು, ಸೋಯಾ ಸಾಸ್ ಎರಡು ದೊಡ್ಡ ಚಮಚ, ಪುಡಿ ಬೆಲ್ಲ ಒಂದು ದೊಡ್ಡ ಚಮಚ, ಬೆರಳ ಗೆಣ್ಣಿನಷ್ಟು ಹಸಿಶುಂಠಿ, ನೀರು ಅರ್ಧ ಲೋಟ. ಜಪಾನಿನ ಅನ್ನ ಸ್ವಲ್ಪ ಅಂಟಂಟಾಗಿರುತ್ತದೆ. ಗಡಿ ಭಾಗದಲ್ಲಿ ಸಿಗುವ ಇಂದ್ರಾಯಣಿ ಅಕ್ಕಿ ಅದಕ್ಕೆ ಹತ್ತಿರ. ಸೋನಾ ಮಸೂರಿಯಾದರೆ ನೀರು ಕೊಂಚ ಹೆಚ್ಚು ಹಾಕಿದರಾಯಿತು. ಅವರು ಬಳಸುವ ಸಿಹಿ ಅಕ್ಕಿ ಮದ್ಯದ ಬದಲು ನಮ್ಮ ಸೀಮೆಯ ಬೆಲ್ಲ ಸಾಕು. ಸೋಯಾ ಸಾಸ್ ಎಂದರೆ ಗೋಬಿ ಮಂಚೂರಿ ಗಾಡಿಯಲ್ಲಿ ನಾವೆಲ್ಲ ನೋಡಿದ ಅದೇ ಕಪ್ಪು ಬಾಟಲಿ.

ಮೊದಲು ಕುಕ್ಕರಿನಲ್ಲಿ ಅನ್ನಕ್ಕಿಟ್ಟು ಇಳಿಸಿ. ಅದರ ಹಬೆ ಇಳಿಯುವಷ್ಟರಲ್ಲಿ ಅದೇ ಒಲೆಯ ಮೇಲೆ ಅಗಲ ಬಾಣಲೆಯಲ್ಲಿ ನೀರು, ಸೋಯಾ ಸಾಸ್, ಬೆಲ್ಲ, ಶುಂಠಿ, ಉದ್ದುದ್ದ ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಐದು ನಿಮಿಷ ಕುದಿಸಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ತೆಳುವಾಗಿ ಹೆಚ್ಚಿದ ಚಿಕನ್ ಹರಡಿ ಏಳೆಂಟು ನಿಮಿಷ ಬೇಯಿಸಿ. ಒಂದು ಹೋಳು ಮುರಿದು ನೋಡಿ, ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು. ಮೊಟ್ಟೆ ಕದಡಿ ಮೇಲೆ ಸುರಿದು ಎರಡು ನಿಮಿಷ ಮುಚ್ಚಿಡಿ. ಜಪಾನಿನಲ್ಲಿ ಮೊಟ್ಟೆಯನ್ನು ಅರೆಬೆಂದಂತೆ ಬಿಡುತ್ತಾರೆ, ನಾವು ಪೂರ್ತಿ ಬೇಯಿಸುವುದೇ ಕ್ಷೇಮ. ರಸದ ಸಮೇತ ಅನ್ನದ ಮೇಲೆ ಹಾಕಿದರೆ ಊಟ ತಯಾರು. ಸೋಯಾ ಸಾಸಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ಖಾರ ಸಾಲದೆಂದರೆ ಅವ್ವ ಕಟ್ಟಿಕೊಟ್ಟ ಚಟ್ನಿ ಉದುರಿಸಿಕೊಳ್ಳಿ, ಜಪಾನಿನವರೇನೂ ಬಂದು ಕೇಳುವುದಿಲ್ಲ.

ಎಂಜಿನಿಯರಿಂಗ್ ಓದುವವನಾಗಿ ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1500 ವಾಟ್‌ನ ಇಂಡಕ್ಷನ್ ಒಲೆ ಅರ್ಧ ತಾಸು ಪೂರ್ತಿ ಶಕ್ತಿಯಲ್ಲಿ ಉರಿದರೂ ಖರ್ಚಾಗುವುದು ಮುಕ್ಕಾಲು ಯೂನಿಟ್. ಆದರೆ 230 ವೋಲ್ಟ್‌ಗೆ ಅದು ಎಳೆಯುವ ಕರೆಂಟು ಸುಮಾರು ಆರೂವರೆ ಆಂಪಿಯರ್. ಮೊಬೈಲ್ ಚಾರ್ಜರ್ ಸಿಗಿಸುವ ಸಣ್ಣ ಸಾಕೆಟ್ಟಿನ ಮಿತಿ ಆರು ಆಂಪಿಯರ್. ಆದ್ದರಿಂದ ಒಲೆಯನ್ನು 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹಾಕಬೇಕು, ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡವೇ ಬೇಡ. ಹಾಸ್ಟೆಲ್ಲಿನಲ್ಲಿ ಒಲೆಗೆ ಅನುಮತಿ ಇಲ್ಲವೆಂದರೆ ಕದ್ದು ಹಚ್ಚುವ ಸಾಹಸವೂ ಬೇಡ. ಈ ಮಾತು ರೂಮು ಮಾಡಿಕೊಂಡವರಿಗೆ.

ರೂಮು ಎಂದರೆ ಮೂರು–ನಾಲ್ಕು ಜನ. ಈ ಪದ್ಧತಿಯ ನಿಜವಾದ ಉಪಯೋಗ ಅಲ್ಲಿದೆ. ನಮ್ಮ ಭಾಗದಲ್ಲಿ ಲಿಂಗಾಯತರು, ಜೈನರು, ಮುಸ್ಲಿಮರು, ಮರಾಠರು, ದಲಿತರು, ಕುರುಬರು ಎಲ್ಲರೂ ಇದ್ದೇವೆ. ಒಂದೇ ಬೆಂಚಿನಲ್ಲಿ ಕುಳಿತು ಓದುವ ನಾವು ರೂಮು ಹುಡುಕುವಾಗ ಮಾತ್ರ ‘ಅವ ಏನ್ ತಿಂತಾನ’ ಎಂದು ಮೊದಲು ಕೇಳುತ್ತೇವೆ. ಈ ಬಟ್ಟಲಿನಲ್ಲಿ ಅನ್ನ ಎಲ್ಲರದೂ ಒಂದೇ, ಮೇಲಿನದು ಅವರವರದು. ಒಬ್ಬನಿಗೆ ಚಿಕನ್, ಇನ್ನೊಬ್ಬನಿಗೆ ಬರೀ ಮೊಟ್ಟೆ, ಮತ್ತೊಬ್ಬನಿಗೆ ಅಣಬೆ. ಉಳ್ಳಾಗಡ್ಡಿ ಮುಟ್ಟದ ಜೈನ ಗೆಳೆಯನಿಗೆ ಶುಂಠಿಯನ್ನೂ ಬಿಟ್ಟು ಬೇರೆ ಬಾಣಲೆಯಲ್ಲಿ ಕ್ಯಾಬೇಜು, ಪನೀರು. ಮನೆ ಮಾಲೀಕರು ಮಾಂಸ ಬೇಡವೆಂದಿದ್ದರೆ ಸೋಯಾ ಚಂಕ್ಸ್ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಅದೇ ರಸದಲ್ಲಿ ಬೇಯಿಸಿ. ಒಣ ಸೋಯಾ ಚಂಕ್ಸ್ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇರುತ್ತದೆ, ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ. ಬರೀ ನೂಡಲ್ಸ್ ತಿಂದು ಮಲಗುವವನಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

‘ನಮ್ಮದೇ ಅಡುಗೆ ಬಿಟ್ಟು ಜಪಾನಿನದ್ದೇಕೆ?’ ಎಂದು ಕೇಳುವವರಿದ್ದಾರೆ. ಜೋಳದ ರೊಟ್ಟಿ ಬಡಿಯುವುದು ಒಂದು ವಾರದಲ್ಲಿ ಬರುವ ವಿದ್ಯೆಯಲ್ಲ. ಅದರ ಹಿಂದೆ ನಮ್ಮ ಅವ್ವಂದಿರ ಇಪ್ಪತ್ತು–ಮೂವತ್ತು ವರ್ಷದ ಕೈ ಇದೆ. ಚಿತ್ರಾನ್ನ ಸುಲಭ ಹೌದು, ಆದರೆ ಅದರಲ್ಲಿ ಹೊಟ್ಟೆ ತುಂಬುವಷ್ಟು ಸತ್ವ ತುಂಬುವುದಿಲ್ಲ. ಅನ್ನ, ತರಕಾರಿ, ಪ್ರೋಟೀನು ಮೂರೂ ಅರ್ಧ ತಾಸಿನಲ್ಲಿ ಒಂದೇ ಬಟ್ಟಲಿಗೆ ಬರುವ ಉಪಾಯ ಎಲ್ಲಿಂದ ಬಂದರೇನು? ಟೊಮೆಟೊ, ಮೆಣಸಿನಕಾಯಿ, ಶೇಂಗಾ ಕೂಡ ಹೊರಗಿನಿಂದ ಬಂದು ನಮ್ಮವೇ ಆದವು.

ಇನ್ನೊಂದು ಮಾತು ಹುಡುಗರಿಗೆ. ನಮ್ಮ ಮನೆಗಳಲ್ಲಿ ಅಕ್ಕ–ತಂಗಿಯರು ಪರೀಕ್ಷೆಯ ಹಿಂದಿನ ದಿನವೂ ಒಲೆಯ ಮುಂದೆ ನಿಲ್ಲುತ್ತಾರೆ. ಅದೇ ಪರೀಕ್ಷೆ ಬರೆಯುವ ಹುಡುಗನಿಗೆ ‘ನೀ ಓದಕೋ ಹೋಗೋ’ ಎಂಬ ರಿಯಾಯಿತಿ. ಈ ರಿಯಾಯಿತಿಯಿಂದ ನಮಗೆ ಲಾಭವಾಯಿತು ಎಂದುಕೊಂಡಿದ್ದೇವೆ. ಆದರೆ ಊರು ಬಿಟ್ಟ ಒಂಬತ್ತನೇ ದಿನ ನಷ್ಟ ಅನುಭವಿಸುವವರು ನಾವೇ. ನಾಳೆ ಬೆಂಗಳೂರೋ ಪುಣೆಯೋ ಸೇರಿದಾಗ, ಕೆಲಸ ಸಿಗುವವರೆಗಿನ ಖಾಲಿ ತಿಂಗಳುಗಳಲ್ಲಿ, ಮುಂದೆ ಮದುವೆಯಾಗಿ ಇಬ್ಬರೂ ದುಡಿಯುವ ಮನೆಯಲ್ಲಿ, ಅಡುಗೆ ಬರುವುದಿಲ್ಲ ಎಂದು ಹೇಳಿಕೊಳ್ಳುವುದು ಗಂಡಸುತನವೇನಲ್ಲ.

ರೆಸ್ಯೂಮೆಯಲ್ಲಿ ಇದನ್ನು ಬರೆಯಲು ಜಾಗವಿಲ್ಲ, ಯಾವ ಇಂಟರ್‌ವ್ಯೂನಲ್ಲೂ ಕೇಳುವುದಿಲ್ಲ. ಆದರೂ ಕೆಲಸ ಹುಡುಕುವ ದಿನಗಳಲ್ಲಿ ನಮ್ಮ ಕೈಯಲ್ಲಿರುವ ವಿಷಯಗಳು ತೀರ ಕಡಿಮೆ. ನೇಮಕಾತಿ ಅಧಿಸೂಚನೆ ಯಾವಾಗ ಬರುತ್ತದೆ, ರಿಸಲ್ಟ್ ಯಾವಾಗ ಬಿಡುತ್ತಾರೆ ನಮಗೆ ಗೊತ್ತಿಲ್ಲ. ರಾತ್ರಿಯ ಊಟ ಮಾತ್ರ ನಮ್ಮ ಕೈಯಲ್ಲಿರಬಹುದು. ಈ ಸಲ ರಜೆಗೆ ಊರಿಗೆ ಹೋದಾಗ ಒಂದು ದಿನ ಅವ್ವನನ್ನು ಕೂರಿಸಿ, ಈ ಬಟ್ಟಲನ್ನು ಮನೆಮಂದಿಗೆಲ್ಲ ನೀವೇ ಮಾಡಿ ಬಡಿಸಿ. ‘ಉಪ್ಪ ಕಡಿಮಿ ಆಗೇತಿ’ ಅಂದರೂ ಬೇಜಾರು ಬೇಡ. ಮರುದಿನ ಮತ್ತೆ ಮಾಡಿ.