ತೀರಿದ ದೋಷದ ಲೆಕ್ಕ ಯಾರದು?

ಸಂಬಳವಿಲ್ಲದೆ ದುಡಿಯುವವರನ್ನು ಲೆಕ್ಕ ಕೇಳುವುದು ಸೌಜನ್ಯವಲ್ಲವೆಂದು ಹೇಳುವುದುಂಟು. ಒಂದೇ ಒಂದು ಲೆಕ್ಕವನ್ನು ಅವರಿಂದಲೂ ಕೇಳಬಹುದೆಂದು ನಮ್ಮ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ.

ಗಣಕಯಂತ್ರವನ್ನು ನಡೆಸುವ ಡೆಬಿಯನ್ ಎಂಬ ಮುಕ್ತ ತಂತ್ರಾಂಶವನ್ನು ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಆರಂಭಿಸಿದನು. ಇಂದು ನಾನಾ ದೇಶಗಳ ಸ್ವಯಂಸೇವಕರು ಅದನ್ನು ನಡೆಸುತ್ತಿರುವರು. ಅದರಲ್ಲಿ ದೋಷ, ಅಂದರೆ ‘ಬಗ್’, ಕಂಡವರು ಯಾರೇ ಆಗಲಿ ಇಮೇಲ್ ಬರೆದು ತಿಳಿಸಬಹುದು. ದೋಷಕ್ಕೊಂದು ಸಂಖ್ಯೆ ದೊರೆಯುವುದು. ಮುಂದಿನ ಪತ್ರವ್ಯವಹಾರವೆಲ್ಲ ಬಹಿರಂಗ. ತಿದ್ದಿದವನು ಹೊಸ ಆವೃತ್ತಿಯ ಬದಲಾವಣೆಗಳ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಕಾಣಿಸಿದೊಡನೆ ಕಡತ ಮುಚ್ಚಿ, ತಿಳಿಸಿದವನಿಗೆ ಓಲೆ ಹೋಗುವುದು. ಬಳಿಕ ೨೮ ದಿನ ಯಾರೂ ಮಾತನಾಡದಿದ್ದರೆ ಅದು ಹಳೆಯ ದಫ್ತರವನ್ನು ಸೇರುವುದು.

ತೊಡಕಿರುವುದು ಇಲ್ಲಿಯೇ. ತಿದ್ದುಪಡಿಯು ಮೊದಲು ಸೇರುವುದು ‘ಅಸ್ಥಿರ’ವೆಂಬ ಶಾಖೆಯನ್ನು. ನಿತ್ಯದ ಕೆಲಸಕ್ಕೆಂದು ಇರುವ ‘ಸ್ಥಿರ’ ಆವೃತ್ತಿಯಾದರೋ ಸುಮಾರು ಎರಡು ವರ್ಷಕ್ಕೊಮ್ಮೆ ಹೊರಡತಕ್ಕದ್ದು. ಸುರಕ್ಷತೆಗೆ ಸಂಬಂಧಿಸಿದ ಹಾಗೂ ಬಹು ಗಂಭೀರವಾದ ದೋಷಗಳನ್ನು ನಡುವೆಯೇ ಸರಿಪಡಿಸುವರು, ಮಿಕ್ಕವು ಕಾಯಬೇಕು. ಹೀಗಾಗಿ ಕಡತದಲ್ಲಿ ತೀರಿದ ದೋಷವು ಮೇಜಿನ ಮೇಲಿನ ಯಂತ್ರದಲ್ಲಿ ಹಾಗೆಯೇ ಉಳಿದಿರುತ್ತದೆ. ಬಳಸುವವನು ಸಿಡಿಮಿಡಿಗೊಳ್ಳುತ್ತಾನೆ.

ಪ್ರತಿಯೊಬ್ಬರ ಯಂತ್ರಕ್ಕೂ ತಿದ್ದುಪಡಿ ಮುಟ್ಟುವವರೆಗೆ ಸ್ವಯಂಸೇವಕನೇ ಬೆನ್ನುಹತ್ತಬೇಕೆಂಬ ವಾದವನ್ನು ನಾವು ಒಪ್ಪೆವು. ಹೊಟ್ಟೆಪಾಡಿನ ಉದ್ಯೋಗ ಮುಗಿಸಿ ರಾತ್ರಿ ಕುಳಿತು ದುಡಿಯುವವನು ಅವನು! ಅವನ ಹೊಣೆ ಒಂದೇ ಸಾಲಿನದು: ದೋಷವು ಯಾವ ಆವೃತ್ತಿಯಲ್ಲಿ ತೀರಿತೆಂದು ಸ್ಪಷ್ಟವಾಗಿ ಬರೆಯುವುದು. ಅದನ್ನೂ ಬರೆಯದೆ ಕಡತ ಮುಚ್ಚಿದರೆ, ಸಂಬಳವಿಲ್ಲವೆಂಬುದು ಸಮಾಧಾನವಾಗಲಾರದು.

ಉಳಿದ ಹೊಣೆ ದೂರು ಕೊಟ್ಟವನದು. ಆ ಆವೃತ್ತಿಯನ್ನು ತಂದು ಪರೀಕ್ಷಿಸಿ, ದೋಷ ಹಾಗೆಯೇ ಇದ್ದರೆ ಕಡತವನ್ನು ಮತ್ತೆ ತೆರೆಯಬೇಕು. ಡೆಬಿಯನ್ನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಫೈರ್‌ಫಾಕ್ಸ್ ಕಟ್ಟುವ ಮೊಜಿಲ್ಲಾದವರ ಬಗ್‌ಜಿಲ್ಲಾ ಎಂಬ ದಾಖಲೆಯಲ್ಲಿ ‘ಪರಿಹೃತ’, ‘ಪರಿಶೀಲಿತ’ ಎಂದು ಎರಡು ಬೇರೆ ಬೇರೆ ಮೆಟ್ಟಿಲುಗಳನ್ನೇ ಇಟ್ಟಿರುವರು. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳುವ ಸೌಭಾಗ್ಯ ನಮಗೂ ಇಲ್ಲವಷ್ಟೆ!

ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಪರದೆಯ ಮೇಲೆ ಕನ್ನಡದ ಒತ್ತಕ್ಷರವೊಂದು ತನ್ನ ಅಕ್ಷರದಿಂದ ಸಿಡಿದು ಪಕ್ಕಕ್ಕೆ ಬಿದ್ದಿದೆಯೆನ್ನೋಣ. ಅದನ್ನು ದೂರದ ದೇಶದಲ್ಲಿ ತಿದ್ದುವವನಿಗೆ ಕನ್ನಡ ಬಾರದಿರಬಹುದು. ಸರಿಯಾದ ರೂಪ, ಕೆಟ್ಟ ರೂಪ ಎರಡೂ ಅವನ ಕಣ್ಣಿಗೆ ಒಂದೇ. ಪರನಾಡಿನ ಈ ನಗರದಲ್ಲಿದ್ದೂ ಪ್ರತಿದಿನ ಕನ್ನಡ ಬರೆಯುವ ನಮಗೆ ಅದು ಸರಿಹೋಯಿತೋ ಇಲ್ಲವೋ ಎಂಬುದು ಒಂದು ನೋಟಕ್ಕೇ ತಿಳಿಯುವುದು.